ಕಲಬುರಗಿಯಿಂದ ಸಮುದ್ರಕ್ಕೆ ಒಂದು ತಿಂಗಳ ದಾರಿ

ಕರಾವಳಿಯ ಬ್ಲಾಗ್ ಮಿತ್ರರು ಕಡಲು, ಮಳೆ, ಮೀನು, ಯಕ್ಷಗಾನ ಅಂತ ಬರೆದಾಗಲೆಲ್ಲ ನಾವು ಕಲಬುರಗಿಯವರು ಓದಿ, "ಚೆನ್ನಾಗಿದೆ" ಅಂತ ಒಂದು ಸಾಲು ಹಾಕಿ ಸುಮ್ಮನಾಗುತ್ತೇವೆ. ನಮ್ಮ ಹತ್ರ ಬರೆಯೋಕೆ ಏನಿದೆ? ಬಿಸಿಲು, ತೊಗರಿ, ಜೋಳ, ಧೂಳು. ನಮ್ಮಲ್ಲಿ ನೀರು ಅಂದ್ರೆ ಟ್ಯಾಂಕರ್ ನೆನಪಾಗುತ್ತದೆಯೇ ಹೊರತು ಅಲೆ ನೆನಪಾಗುವುದಿಲ್ಲ. ನಮ್ಮ ಓಣಿಯಲ್ಲಿ ಅರವತ್ತು ದಾಟಿದ ಎಷ್ಟೋ ಮಂದಿ ಇವತ್ತಿಗೂ ಸಮುದ್ರ ನೋಡಿಲ್ಲ. ನೋಡಬೇಕು ಅಂತ ಅನ್ನಿಸಿಯೂ ಇಲ್ಲ.

ಹೋದ ಜನವರಿಯಲ್ಲಿ ನಾವು ಆರು ಜನ, ಐವರು ಕಲಬುರಗಿಯವರು, ಒಬ್ಬ ಕಮಲಾಪುರದವ, ಒಂದು ಕ್ರೂಸರ್ ಮಾಡಿಕೊಂಡು ಗೋಕರ್ಣಕ್ಕೆ ಹೋಗಿ ಒಂದೇ ದಿನದಲ್ಲಿ ಅಲ್ಲಿನ ಬೀಚುಗಳನ್ನೆಲ್ಲ ಸುತ್ತಿ ಬಂದೆವು. ಆ ಪ್ರವಾಸದ ಫೋಟೋ ಕಥೆ ಬರೆಯೋಣ ಅಂತ ಕೂತರೆ ಕೈ ಬೇರೆ ಕಡೆಗೇ ಹೋಯಿತು. ಹೊರಡುವ ಮೊದಲು ಒಬ್ಬ ಗೆಳೆಯ ತಮಾಷೆಗೆ ಕೇಳಿದ್ದ, "ಕಲಬುರ್ಗಿಗೂ ಸಮುದ್ರಕ್ಕೂ ಏನ್ ಸಂಬಂಧ ಅದಾ ಮಾರಾಯಾ?" ಅಂತ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧ ಇದೆ ಸ್ವಾಮಿ, ಸಣ್ಣದಲ್ಲ. ಈ ಊರು ಊರಾಗಿದ್ದರಲ್ಲಿ ಸಮುದ್ರದ ಪಾಲು ದೊಡ್ಡದಿದೆ.

ಅಫನಾಸಿ ನಿಕಿತಿನ್ ಅಂತ ರಷ್ಯಾದ ತ್ವೇರ್ ಊರಿನ ಒಬ್ಬ ವ್ಯಾಪಾರಿ. ವಾಸ್ಕೋ ಡ ಗಾಮನಿಗಿಂತ ಮೂವತ್ತು ವರ್ಷ ಮೊದಲೇ, 1469ರ ಸುಮಾರಿಗೆ, ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಒಂದು ಕುದುರೆ ಹಾಕಿಕೊಂಡು ಕೊಂಕಣದ ಚೌಲ್ ಬಂದರಿಗೆ ಬಂದಿಳಿದ. ಅವನ ಟಿಪ್ಪಣಿಗಳು ಉಳಿದಿವೆ. ಅದರಲ್ಲಿ ದಾಭೋಳ ಬಂದರಿನ ಬಗ್ಗೆ ಹೇಳುತ್ತಾ, ಅದು ಬಹಳ ದೊಡ್ಡ ಬಂದರು, ಈಜಿಪ್ಟು, ಅರಬಸ್ತಾನ, ಖುರಾಸಾನಗಳಿಂದ ಕುದುರೆಗಳು ಅಲ್ಲಿಗೆ ಬರುತ್ತವೆ, ಅಲ್ಲಿಂದ ನೆಲದ ಮೇಲೆ ಬೀದರಿಗೆ ಮತ್ತು ಕಲಬುರಗಿಗೆ ಒಂದು ತಿಂಗಳ ದಾರಿ ಎಂದು ಬರೆದಿದ್ದಾನೆ. ನನಗೆ ಇದನ್ನು ಓದಿ ಮೈ ಜುಮ್ ಅಂದಿತು. ಐನೂರೈವತ್ತು ವರ್ಷದ ಹಿಂದೆ ಒಬ್ಬ ರಷ್ಯಾದವನು ಸಮುದ್ರದ ದಂಡೆಯಲ್ಲಿ ನಿಂತು "ಕಲಬುರಗಿಗೆ ಎಷ್ಟು ದಿನ?" ಅಂತ ಲೆಕ್ಕ ಹಾಕುತ್ತಿದ್ದಾನೆ! (ಇವನ ಮೇಲೆ 1957ರಲ್ಲಿ 'ಪರದೇಸಿ' ಅಂತ ಹಿಂದಿ-ರಷ್ಯನ್ ಸಿನಿಮಾ ಕೂಡ ಬಂತು. ನರ್ಗಿಸ್, ಬಲರಾಜ್ ಸಾಹನಿ ಇದ್ದಾರೆ.)

ಆದರೆ ಕಥೆ ನಿಕಿತಿನ್‌ನಿಂದ ಶುರುವಾಗುವುದಿಲ್ಲ. ಇನ್ನೂ ಆರುನೂರು ವರ್ಷ ಹಿಂದೆ ಹೋಗಬೇಕು, ಅದೂ ಕಲಬುರಗಿ ನಗರದಿಂದ ಸೇಡಂ ರಸ್ತೆ ಹಿಡಿದು ಮಳಖೇಡಕ್ಕೆ. ಇವತ್ತು ಮಳಖೇಡ ಅಂದರೆ ಮಂದಿಗೆ ಸಿಮೆಂಟ್ ಫ್ಯಾಕ್ಟರಿ ನೆನಪಾಗುತ್ತದೆ. ಕಾಗಿಣಾ ನದಿಯ ದಂಡೆಯ ಮೇಲೆ ಬಿದ್ದ ಗೋಡೆಗಳ ಒಂದು ಕೋಟೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಆ ಕಾಲದಲ್ಲಿ ಅರಬ್ಬಿ ಸಮುದ್ರದಲ್ಲಿ ವ್ಯಾಪಾರ ಮಾಡುತ್ತಿದ್ದವರ ಮಾತುಗಳನ್ನು ಕೂಡಿಸಿ ಬರೆದ, ಸುಲೇಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಪ್ರಸಿದ್ಧವಾದ 851ರ ಅರಬ್ಬಿ ಬರಹವೊಂದಿದೆ. ಅದರ ಪ್ರಕಾರ ಜಗತ್ತಿನಲ್ಲಿ ದೊಡ್ಡ ರಾಜರು ನಾಲ್ಕೇ ಜನ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಅಂದರೆ ನಮ್ಮ ರಾಷ್ಟ್ರಕೂಟ ವಲ್ಲಭರಾಜ. ಅರಬರಿಗೆ ಅವನಷ್ಟು ಬೇಕಾದ ರಾಜ ಈ ಕಡೆ ಮತ್ತೊಬ್ಬ ಇರಲಿಲ್ಲವಂತೆ. ಯಾಕೆಂದರೆ ಕೊಂಕಣದ ಬಂದರುಗಳು ಅವನ ಕೈಯಲ್ಲಿದ್ದವು.

ಹತ್ತನೇ ಶತಮಾನದ ಆರಂಭದಲ್ಲಿ ಬಂದ ಅಲ್ ಮಸೂದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅವನು ಚೌಲ್ ಬಂದರನ್ನು ಸ್ವತಃ ನೋಡಿದವನು. ಬಲ್ಹರಾನ ರಾಜಧಾನಿ 'ಮಂಕೀರ್'ನಲ್ಲಿ ಜನ ಆಡುವ ಭಾಷೆ 'ಕೀರಿಯಾ', ಆದರೆ ಚೌಲ್, ಠಾಣೆ, ಸೋಪಾರಾ ಕರಾವಳಿಯಲ್ಲಿ ಆಡುವುದು ಬೇರೆ ಭಾಷೆ, 'ಲಾರಿಯಾ' ಅಂತ ಬರೆದಿದ್ದಾನೆ. ಮಂಕೀರ್ ಅಂದರೆ ಮಾನ್ಯಖೇಟ. ಕೀರಿಯಾ ಅಂದರೆ ಕನ್ನಡವೇ ಅಂತ ಹಲವು ವಿದ್ವಾಂಸರ ಅಭಿಪ್ರಾಯ. ನೋಡಿ, ಸಮುದ್ರದ ದಂಡೆಯಲ್ಲಿ ಇಳಿದ ಬಾಗ್ದಾದಿನವನಿಗೆ ಒಳನಾಡಿನಲ್ಲಿ ಕೂತ ದೊರೆಯ ಊರಿನ ಭಾಷೆ ಬೇರೆ ಅನ್ನುವುದೂ ಗೊತ್ತಿತ್ತು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಚಿಂಚಣಿ ತಾಮ್ರಪಟ. ಮುಂಬಯಿಯ ಉತ್ತರಕ್ಕೆ, ಈಗಿನ ಪಾಲ್ಘರ್ ಜಿಲ್ಲೆಯಲ್ಲಿ ಸಿಕ್ಕಿದ್ದು. ಶಕ 848, ಅಂದರೆ ಕ್ರಿ.ಶ. 926, ಮೂರನೇ ಇಂದ್ರನ ಕಾಲ. ಅದರ ಪ್ರಕಾರ ಸಂಜಾನ್ ಬಂದರಿನ ಸೀಮೆಯನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ಒಬ್ಬ ಅರಬ. ಹೆಸರು ಮಧುಮತಿ! ಮಹಮದ್ ಅನ್ನುವುದು ಸಂಸ್ಕೃತದ ಬಾಯಲ್ಲಿ ಹಾಗಾಗಿದೆ. ಎರಡನೇ ಕೃಷ್ಣ ಅವನನ್ನು ಅಲ್ಲಿ ನೇಮಿಸಿದ್ದ. ಈ ಮಧುಮತಿ ಹೊಳೆ ದಾಟುವವರಿಗೆ ಪುಕ್ಕಟೆ ದೋಣಿ ಇಡಿಸಿದ, ಅನ್ನ, ಸಾರು, ತುಪ್ಪ ಬಡಿಸುವ ಛತ್ರ ಮಾಡಿಸಿದ, ಒಬ್ಬ ಬ್ರಾಹ್ಮಣ ಕಟ್ಟಿಸಿದ ದೇವಿಯ ಮಠಿಕೆಗೆ ಭೂಮಿ ಕೊಡಿಸಿದ. ಆಜ್ಞೆ ಮಾತ್ರ ಕಾಗಿಣಾ ದಂಡೆಯ ದೊರೆಯ ಹೆಸರಿನಲ್ಲಿ. ಇವತ್ತಿನ ಜಗಳಗಳನ್ನು ನೋಡುವವರು ಒಮ್ಮೆ ಈ ತಾಮ್ರಪಟ ಓದಬೇಕು.

ಮಳಖೇಡದ ಕಲ್ಲಿನ ಬಗ್ಗೆ ಒಂದು ಅಡ್ಡಮಾತು. ನಮ್ಮ ಕಡೆ ಬಡವರ ಮನೆಯಿಂದ ರೈಲ್ವೆ ಸ್ಟೇಷನ್ನಿನವರೆಗೆ ಎಲ್ಲರ ನೆಲಕ್ಕೂ ಹಾಸುವುದು ಶಹಾಬಾದಿ ಫರಸಿ. ಅದು ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಹೇಳುವ ಹಾಗೆ ಭೀಮಾ ಕೊಳ್ಳದ ಈ ಪದರಗಳು ಕೋಟ್ಯಂತರ ವರ್ಷಗಳ ಹಿಂದೆ, ಭೂಮಿಯ ಮೇಲೆ ಗಿಡಮರ ಹುಟ್ಟುವುದಕ್ಕೂ ಮೊದಲು, ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದವು. ಸಮುದ್ರ ನೋಡದ ನಮ್ಮ ಓಣಿಯ ಅಜ್ಜಂದಿರು ದಿನಾ ಮಧ್ಯಾಹ್ನ ತಂಪಿಗೆ ಮಲಗುವುದು ಸಮುದ್ರದ ತಳದ ಮೇಲೆಯೇ :-)

ಈಗ ಬಹಮನಿಗಳಿಗೆ ಬರೋಣ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ದಿಲ್ಲಿಯ ಹಿಡಿತದಿಂದ ಹೊರಬಂದು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ದಿಲ್ಲಿ ಜೊತೆ ಕಡಿದುಕೊಂಡ ಮೇಲೆ ಉತ್ತರದ ನೆಲದ ದಾರಿಯನ್ನು ನಂಬುವಂತಿರಲಿಲ್ಲ. ಆದರೆ ಸೈನ್ಯಕ್ಕೆ ಕುದುರೆ ಬೇಕು. ದಖ್ಖನ್ನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ, ಅವು ಬರಬೇಕಾದ್ದು ಹಡಗಿನಲ್ಲಿ. ಆಡಳಿತಕ್ಕೆ, ಮಸೀದಿ ಕಟ್ಟಲಿಕ್ಕೆ, ಕಾವ್ಯ ಬರೆಯಲಿಕ್ಕೆ ಇರಾನಿನ ಮಂದಿ ಬೇಕು, ಅವರೂ ಹಡಗಿನಲ್ಲೇ ಬರಬೇಕು. ಹಾಗಾಗಿ ಸಮುದ್ರದಿಂದ ಒಂದು ತಿಂಗಳು ದೂರದಲ್ಲಿದ್ದ ಈ ಊರಿನ ಜೀವನಾಡಿ ದಾಭೋಳ, ಚೌಲ್, ಗೋವಾ ಬಂದರುಗಳಲ್ಲಿತ್ತು. ಎರಡನೇ ಸುಲ್ತಾನ ಒಂದನೇ ಮಹಮದ್ ಶಹಾನ ಕಾಲದಲ್ಲಿ ಅವನ ತಾಯಿ ಮಲಿಕಾ-ಎ-ಜಹಾನ್ ಹಜ್‌ಗೆ ಹೊರಟಳು. ಕಲಬುರಗಿಯಿಂದ ದೊಡ್ಡ ಪರಿವಾರ ಕಟ್ಟಿಕೊಂಡು ಘಟ್ಟ ಇಳಿದು ದಾಭೋಳದಲ್ಲಿ ಹಡಗು ಹತ್ತಿದಳು. ಕಲಬುರಗಿಯಿಂದ ಸಮುದ್ರಕ್ಕೆ ಹೋದ ಹೆಣ್ಣುಮಕ್ಕಳಲ್ಲಿ ಚರಿತ್ರೆಗೆ ಹೆಸರು ಗೊತ್ತಿರುವ ಮೊದಲನೆಯವಳು ಬಹುಶಃ ಇವಳೇ ಇರಬೇಕು. ಮುಂದೆ ಫಿರೋಜ್ ಶಹಾ (1397–1422) ಪ್ರತಿ ವರ್ಷ ಗೋವಾ ಮತ್ತು ಚೌಲ್‌ನಿಂದ ಹಡಗು ಕಳಿಸುತ್ತಿದ್ದ. ಬರೀ ಸಾಮಾನು ತರಲಿಕ್ಕಲ್ಲ, ಪರದೇಶದ ಪ್ರತಿಭಾವಂತರನ್ನು ಹುಡುಕಿ ಕರೆತರಲಿಕ್ಕೆ.

ಹೀಗೆ ಕರೆಸಿಕೊಂಡೂ ಬಾರದೇ ಹೋದ ಒಬ್ಬನ ಕಥೆ ಹೇಳಲೇಬೇಕು. ಎರಡನೇ ಮಹಮದ್ ಶಹಾ (1378–1397) ಕಾವ್ಯದ ಹುಚ್ಚಿನವನು. ಅವನ ಆಸ್ಥಾನದ ಮೀರ್ ಫಜಲುಲ್ಲಾ ಇಂಜು, ಶಿರಾಜ್‌ನಲ್ಲಿದ್ದ ಮಹಾಕವಿ ಹಾಫಿಜ್‌ಗೆ ಕಲಬುರಗಿಗೆ ಬರಲು ಆಮಂತ್ರಣ ಕಳಿಸಿದ, ದಾರಿ ಖರ್ಚಿಗೆ ದುಡ್ಡನ್ನೂ ಕಳಿಸಿದ. ಹಾಫಿಜ್ ಒಂದಿಷ್ಟನ್ನು ತಂಗಿಯ ಮಕ್ಕಳಿಗೆ ಕೊಟ್ಟ, ಒಂದಿಷ್ಟರಲ್ಲಿ ಸಾಲ ತೀರಿಸಿದ, ಉಳಿದದ್ದು ಹಿಡಿದು ಹೊರಟ. ದಾರಿಯಲ್ಲಿ ಕಳ್ಳರಿಂದ ಎಲ್ಲ ಕಳೆದುಕೊಂಡಿದ್ದ ಗೆಳೆಯನೊಬ್ಬ ಸಿಕ್ಕ, ಇದ್ದದ್ದನ್ನೆಲ್ಲ ಅವನಿಗೆ ಕೊಟ್ಟುಬಿಟ್ಟ. ಪುಣ್ಯಕ್ಕೆ ಇಬ್ಬರು ವ್ಯಾಪಾರಿಗಳು ಖರ್ಚು ನೋಡಿಕೊಂಡು ಹೊರ್ಮುಜ್ ಬಂದರಿನ ತನಕ ತಂದು ಬಿಟ್ಟರು. ಅಲ್ಲಿ ದಖ್ಖನ್ನಿನಿಂದ ಬಂದ ಹಡಗು ಸಿದ್ಧವಿತ್ತು. ಹಾಫಿಜ್ ಹತ್ತಿದ. ಇನ್ನೂ ಹಡಗು ಬಿಟ್ಟಿರಲಿಲ್ಲ, ಗಾಳಿ ಎದ್ದಿತು, ಸಮುದ್ರ ಕುಣಿಯಿತು. ಕವಿಯ ಎದೆ ಒಡೆಯಿತು. "ಹೊರ್ಮುಜ್‌ನಲ್ಲಿ ಕೆಲವು ಗೆಳೆಯರಿಗೆ ಹೇಳಿಬರುವುದು ಮರೆತೆ" ಅಂತ ನೆಪ ಹೇಳಿ ಇಳಿದವನು ಮತ್ತೆ ಹತ್ತಲಿಲ್ಲ. ಒಂದು ಗಜಲ್ ಬರೆದು ಫಜಲುಲ್ಲಾನಿಗೆ ಕಳಿಸಿ ತಾನು ಶಿರಾಜ್‌ಗೆ ವಾಪಸ್ಸು. ಸುಲ್ತಾನ ಸಿಟ್ಟಾಗಲಿಲ್ಲ, ಅಲ್ಲಿಗೇ ಉಡುಗೊರೆ ಕಳಿಸಿಕೊಟ್ಟ.

ಈ ಕಥೆ ಹೇಳುವವನು ಫಿರಿಸ್ತಾ, ಬಿಜಾಪುರದಲ್ಲಿ ಇದ್ದುಕೊಂಡು 17ನೇ ಶತಮಾನದ ಆರಂಭದಲ್ಲಿ ಇತಿಹಾಸ ಬರೆದವನು. ಕಥೆಗೆ ಒಂದಿಷ್ಟು ಉಪ್ಪು ಖಾರ ಹಚ್ಚಿರಬಹುದು. ಆದರೂ ನನಗೆ ಹಾಫಿಜ್ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಬಯಲು ನಾಡಿನವನಿಗೆ ಸಮುದ್ರದ ಭಯ ಇರಬೇಕು, ಅದು ಹೇಡಿತನ ಅಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಸಮುದ್ರವೇ ಇಲ್ಲದ ಊರಿನ ಮಕ್ಕಳು. ಆ ಸುದ್ದಿ ಓದಿದ್ದರಿಂದಲೇ ನಮ್ಮ ಆರು ಜನರಲ್ಲಿ ಮೊದಲೇ ಮಾತಾಗಿತ್ತು, ಯಾರೂ ಮೊಣಕಾಲಿನ ಮೇಲೆ ನೀರಿಗಿಳಿಯುವುದಿಲ್ಲ ಅಂತ. ಇಳಿಯಲಿಲ್ಲ ಕೂಡ.

ಕುದುರೆಯ ವಿಷಯಕ್ಕೆ ತಿರುಗಿ ಬಂದರೆ, ಇದು ಬರೀ ವ್ಯಾಪಾರ ಆಗಿರಲಿಲ್ಲ. ಕಲಬುರಗಿ-ಬೀದರ್ ಒಂದು ಕಡೆ, ವಿಜಯನಗರ ಇನ್ನೊಂದು ಕಡೆ. ಇಬ್ಬರಿಗೂ ಅದೇ ಅರಬ್ಬಿ ಕುದುರೆ ಬೇಕು. ವಿಜಯನಗರದ ಬಂದರುಗಳು ಭಟ್ಕಳ, ಹೊನ್ನಾವರ. ಅಂದರೆ ನಾವು ಬರ್ಮುಡಾ ಹಾಕಿಕೊಂಡು ಅಡ್ಡಾಡಿದ ಇದೇ ಉತ್ತರ ಕನ್ನಡದ ಕರಾವಳಿ. 15ನೇ ಶತಮಾನದ ಉತ್ತರಾರ್ಧದಲ್ಲಿ ಭಟ್ಕಳದ ಮುಸ್ಲಿಂ ವ್ಯಾಪಾರಿಗಳು ಬಹಮನಿಗಳಿಗೆ ಕುದುರೆ ಮಾರಿದರು ಅಂತ ವಿಜಯನಗರದ ದೊರೆ ಅವರನ್ನು ಕೊಲ್ಲಿಸಿದ, ಉಳಿದವರು ಗೋವಾಕ್ಕೆ ಓಡಿಹೋದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ದಾಖಲಿಸುತ್ತಾನೆ. 1472ರಲ್ಲಿ ಬಹಮನಿ ವಜೀರ ಮಹಮೂದ್ ಗವಾನ್, ಆಗ ವಿಜಯನಗರದ ಕೈಯಲ್ಲಿದ್ದ ಗೋವಾವನ್ನು ಗೆದ್ದುಕೊಂಡ. ಗವಾನ್ ತಾನೇ ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆಂದು ಸಮುದ್ರ ದಾಟಿ ದಾಭೋಳದಲ್ಲಿ ಇಳಿದು ಬಂದವನು. ಬಂದರಿನ ಬೆಲೆ ಅವನಿಗೆ ಗೊತ್ತಿತ್ತು. ಶಾಲೆಯ ಪಾಠದಲ್ಲಿ ನಾವು ಬಹಮನಿ-ವಿಜಯನಗರ ಜಗಳ ಅಂದರೆ ರಾಯಚೂರು ದೋಆಬ್ ಅಂತಲೇ ಬರೆದೆವು. ಎರಡು ನದಿಗಳ ನಡುವಿನ ಹೊಲಕ್ಕಷ್ಟೇ ನಡೆದ ಜಗಳ ಅಲ್ಲ ಅದು, ಕುದುರೆ ಇಳಿಯುವ ದಂಡೆಗೂ ನಡೆದದ್ದು.

ಆ ಕುದುರೆಗಳು ನಮ್ಮಲ್ಲಿಗೆ ಬಂದು ಎಲ್ಲಿ ಮಾರಾಟವಾಗುತ್ತಿದ್ದವು? ನಿಕಿತಿನ್ ಒಂದು ಜಾತ್ರೆಯ ಬಗ್ಗೆ ಬರೆಯುತ್ತಾನೆ. ಶೇಖ್ ಅಲ್ಲಾವುದ್ದೀನ್ ಎಂಬ ಸಂತನ ನೆನಪಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಸಂತೆ, ಇಪ್ಪತ್ತು ಸಾವಿರದ ತನಕ ಕುದುರೆ ಬರುತ್ತವೆ, ಈ ದೇಶದಲ್ಲೇ ಅಂಥ ಸಂತೆ ಇಲ್ಲ ಅಂತ. ಅದು ನಮ್ಮ ಆಳಂದ ಅಂತ ಗುರುತಿಸುತ್ತಾರೆ, ಲಾಡ್ಲೆ ಮಶಾಯಕ್ ದರ್ಗಾದ ಆಳಂದ. ಅಲ್ಲಿಯ ಉರುಸಿಗೆ ಇಂದಿಗೂ ಮಂದಿ ಸೇರುತ್ತಾರೆ. ಕುದುರೆ ಇಲ್ಲ, ಬೈಕುಗಳಿವೆ.

1424ರ ನಂತರದ ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಕಲಬುರಗಿಯಿಂದ ಬೀದರಿಗೆ ಹೋಗುವ ದಾರಿಯಲ್ಲೇ ನಮ್ಮ ಕಮಲಾಪುರ. ಹೊಳಕುಂದಾದ ಗುಮ್ಮಟಗಳು ಈ ದಾರಿಯಲ್ಲೇ ಸಿಗುತ್ತವೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ಮರೆಯುತ್ತಾರೆ. 2017ರ ಅಕ್ಟೋಬರಿನಲ್ಲಿ ಕಲಬುರಗಿ-ಬೀದರ್ ರೈಲು ಶುರುವಾದ ಮೇಲೆ ಕಮಲಾಪುರಕ್ಕೂ ಸ್ಟೇಷನ್ ಬಂತು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಬಹಮನಿ ರಾಜ್ಯ ಒಡೆಯಿತು. 1510ರಲ್ಲಿ ಅಲ್ಬುಕರ್ಕ್ ಗೋವಾವನ್ನು ಆದಿಲಶಾಹಿಗಳಿಂದ ಕಿತ್ತುಕೊಂಡ. ಆಮೇಲೆ ಸಮುದ್ರದಲ್ಲಿ ಹಡಗು ಬಿಡಬೇಕಾದರೆ ಪೋರ್ಚುಗೀಸರ ಪರವಾನಗಿ ಚೀಟಿ ಬೇಕಾಯಿತು, ಹಜ್‌ಗೆ ಹೋಗುವ ಹಡಗಿಗೂ ಸಹ. ನಂತರ ಮೊಗಲರು, ಅವರ ನಂತರ ನಿಜಾಮರು. ಹೈದರಾಬಾದ್ ಸಂಸ್ಥಾನ ಅಷ್ಟು ದೊಡ್ಡದು, ಆದರೆ ಕರಾವಳಿ ಇಲ್ಲ. 1802ರಲ್ಲಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಮಚಲೀಪಟ್ಟಣದ ಬಂದರು ಬಳಸುವ ಹಕ್ಕು ಪಡೆದರು. 1947ರ ಸುಮಾರಿಗೆ, ಸ್ವತಂತ್ರವಾಗಿ ಉಳಿಯುವ ಆಸೆಯಲ್ಲಿ, ಗೋವಾದ ಬಂದರು ಸಿಗುತ್ತದೆಯೇ ಅಂತ ಪೋರ್ಚುಗೀಸರ ಜೊತೆ ಮಾತುಕತೆಯನ್ನೂ ನಡೆಸಿದರು. ಬಂದರು ಸಿಗಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನವೇ ಉಳಿಯಲಿಲ್ಲ. ನಮಗೆ ಕರಾವಳಿ ಸಿಕ್ಕಿದ್ದು 1956ರ ನವೆಂಬರ್ 1ರಂದು. ಒಂದೇ ದಿನ ಕಲಬುರಗಿ, ಕಾರವಾರ, ಮಂಗಳೂರು ಮೂರೂ ಒಂದೇ ರಾಜ್ಯಕ್ಕೆ ಸೇರಿದವು. ಏಕೀಕರಣ ಅಂದರೆ ಭಾಷೆ, ಭುವನೇಶ್ವರಿ ಅಂತೆಲ್ಲ ಮಾತಾಡುತ್ತೇವೆ. ಕಲಬುರಗಿಯವನಿಗೆ ಅಂದು ಒಂದು ಸಮುದ್ರವೂ ಸಿಕ್ಕಿತು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇಲ್ಲಿಯ ತನಕ ಬರೆದದ್ದೆಲ್ಲ ಸುಲ್ತಾನರ, ವಜೀರರ ಕಥೆ ಆಯಿತು. ಆದರೆ ಒಂದು ತಿಂಗಳ ಆ ದಾರಿಯಲ್ಲಿ ನಡೆದವರು ಯಾರು? ಇದು ನನಗೆ ಹೊಳೆದದ್ದು ಪುಸ್ತಕದಲ್ಲಲ್ಲ, ಗೋಕರ್ಣದ ಮರಳಿನ ಮೇಲೆ.

ಹಿಂದಿನ ರಾತ್ರಿ ಎಂಟಕ್ಕೆ ಕಲಬುರಗಿ ಬಿಟ್ಟು ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ಮೇಲಿಂದ ಅರಬೈಲ್ ಘಟ್ಟ ಇಳಿದು ಬೆಳಿಗ್ಗೆ ಏಳಕ್ಕೆಲ್ಲ ಗೋಕರ್ಣದಲ್ಲಿದ್ದೆವು. ಸುಮಾರು ಐನೂರು ಕಿಲೋಮೀಟರು. ನಿಕಿತಿನ್ ಕಾಲದ ಒಂದು ತಿಂಗಳು ಹನ್ನೊಂದು ಗಂಟೆಗೆ ಇಳಿದಿದೆ. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಕಮಲಾಪುರದ ಗೆಳೆಯ ತಮ್ಮ ತೋಟದ ಕೆಂಪು ಬಾಳೆಯ ಎರಡು ಚಿಪ್ಪು ತಂದಿದ್ದ. ಕಮಲಾಪುರದ ಈ ಬಾಳೆಗೆ ಜಿಐ ಟ್ಯಾಗ್ ಸಿಕ್ಕಿದೆ. ಗಿಡ ಎತ್ತರಕ್ಕೆ ಬೆಳೆಯುತ್ತದೆ, ಗೊನೆ ಕೈಗೆ ಬರಲು ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಕಾಯಬೇಕು, ಹಾಗಾಗಿ ರೇಟೂ ಜಾಸ್ತಿ, ಬೆಳೆಯುವವರೂ ಕಡಿಮೆ. ಕುಡ್ಲೆಯಲ್ಲಿ ಚಹಾ ಕುಡಿದು ಗುಡ್ಡದ ಕಾಲುದಾರಿ ಹತ್ತಿ ಓಂ ಬೀಚು, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್. ನೋಟದ ಬಗ್ಗೆ ನಾನು ಬರೆಯಲ್ಲ, ಕರಾವಳಿಯವರೇ ನನಗಿಂತ ಚೆನ್ನಾಗಿ ಬರೆದಿದ್ದೀರಿ. ಒಂದು ಮಾತ್ರ ಹೇಳುತ್ತೇನೆ. ಗುಡ್ಡದ ಮೇಲಿಂದ ಓಂ ಬೀಚಿನ ಎರಡು ಅರ್ಧಚಂದ್ರ ಒಟ್ಟಿಗೆ ಕಂಡಾಗ ಆರು ಜನರೂ ಮೊಬೈಲ್ ತೆಗೆಯುವುದನ್ನೇ ಮರೆತಿದ್ದೆವು.

ಓಂ ಬೀಚಿನಲ್ಲಿ ಕೂತಾಗ ಮಣಿ ಸರ, ಕವಡೆ, ಕನ್ನಡಿ ಹಚ್ಚಿದ ಚೀಲ ಮಾರುವ ಲಂಬಾಣಿ ಹೆಣ್ಣುಮಗಳೊಬ್ಬಳು ಬಂದಳು. ಮೊದಲು ಇಂಗ್ಲಿಷಿನಲ್ಲಿ ರೇಟು ಹೇಳಿದಳು, ಆಮೇಲೆ ಹಿಂದಿಯಲ್ಲಿ. ನಮ್ಮ ರೊಟ್ಟಿ ಡಬ್ಬಿ ಕಂಡ ಮೇಲೆ ಅವಳ ಮುಖವೇ ಬೇರೆ ಆಯಿತು.

"ಎಲ್ಲಿಯವ್ರಿ ಅಣ್ಣಾ ನೀವು?"

"ಕಲಬುರ್ಗಿ, ಅವ್ವಾ. ಇವ್ರು ಕಮಲಾಪುರ."

"ಅಯ್ಯ, ನಮ್ದೂ ಅಲ್ಲೇರಿ! ಕಮಲಾಪುರ ದಾಟಿ ತಾಂಡಾ."

ಹತ್ತು ವರ್ಷದಿಂದ ಬರುತ್ತಾಳಂತೆ. ಮೊದಲು ಗೋವಾದಲ್ಲಿ, ಈಗ ಇಲ್ಲಿ. "ಸಮುದ್ರದಾಗ ಇಳಿದೀಯೇನವ್ವಾ?" ಅಂತ ನಮ್ಮವನೊಬ್ಬ ಕೇಳಿದ. "ಯಾಕ್ರಿ, ಕಾಲ್ ತೋಯಿಸಿಕೊಂಡ್ ನಿಂತ್ರ ಮಾಲ್ ಯಾರ್ ಮಾರ್ಬೇಕು?" ಅಂದಳು.

ಅವಳು ಹೋದ ಮೇಲೆ ತಾಂಡಾ ಅನ್ನುವ ಶಬ್ದ ತಲೆಯಲ್ಲಿ ಉಳಿಯಿತು. ಈಗ ತಾಂಡಾ ಅಂದರೆ ಲಂಬಾಣಿಗರ ಊರು. ಆದರೆ ಮೂಲದಲ್ಲಿ ತಾಂಡಾ ಅಂದರೆ ನಡೆಯುತ್ತಿರುವ ಎತ್ತುಗಳ ಹಿಂಡು, ಸಾಗುವ ಸರಕಿನ ದಂಡು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷಿನವನು ಹದಿನಾಲ್ಕು ಸಾವಿರ ಎತ್ತುಗಳ ಒಂದು ತಾಂಡಾ ಕಂಡದ್ದನ್ನು ಬರೆದಿದ್ದಾನೆ. ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹೇಳುವ ಪ್ರಕಾರ ಇವರಲ್ಲಿ ನಾಲ್ಕು ಪಂಗಡ. ಒಂದು ಪಂಗಡ ಧಾನ್ಯ, ಒಂದು ಅಕ್ಕಿ, ಒಂದು ಬೇಳೆ, ಇನ್ನೊಂದು ಬರೀ ಉಪ್ಪು ಸಾಗಿಸುತ್ತಿತ್ತು. ಒಬ್ಬರ ಸರಕು ಇನ್ನೊಬ್ಬರು ಮುಟ್ಟುವುದಿಲ್ಲ. ಲಂಬಾಣಿ ಅನ್ನುವ ಹೆಸರೇ 'ಲವಣ'ದಿಂದ ಬಂತು ಅನ್ನುವವರೂ ಇದ್ದಾರೆ. ಮೊಗಲರ ದಂಡಿಗೆ, ನಿಜಾಮರಿಗೆ, ಟಿಪ್ಪುವಿನ ಮೇಲೆ ಹೋದ ಇಂಗ್ಲಿಷರ ಸೈನ್ಯಕ್ಕೆ, ಎಲ್ಲರಿಗೂ ಊಟ ಹೊತ್ತು ತಂದವರು ಇವರೇ.

ಕರಾವಳಿಯಲ್ಲಿ ಉಪ್ಪು ಕುದುರೆಗಿಂತ ದೊಡ್ಡ ಸರಕು. ಕುದುರೆ ಸುಲ್ತಾನನಿಗೆ, ಉಪ್ಪು ಎಲ್ಲರಿಗೂ. ಘಟ್ಟದ ಮೇಲಿನ ಬಯಲಿನ ಮಂದಿಯ ರೊಟ್ಟಿಗೆ ಉಪ್ಪು ಬರಬೇಕಾದರೆ ಯಾರೋ ಸಮುದ್ರದ ತನಕ ಎತ್ತು ಹೊಡೆದುಕೊಂಡು ಹೋಗಿ ಬರಬೇಕಿತ್ತು. ಗೋಕರ್ಣದ ಪಕ್ಕದಲ್ಲೇ ಸಾಣಿಕಟ್ಟಾದ ಉಪ್ಪಿನಾಗರಗಳಿವೆ. ಬರುವಾಗ ಅಲ್ಲಿ ಗಾಡಿ ನಿಲ್ಲಿಸಿದೆವು. ಸಮುದ್ರದ ನೀರನ್ನು ಉಬ್ಬರದಲ್ಲಿ ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಹರಳು ಕಟ್ಟಿದ ಮೇಲೆ ಎಳೆದು ಗುಡ್ಡೆ ಹಾಕುತ್ತಾರೆ. ಬಿಸಿಲೇ ಬಂಡವಾಳ. ಅದರಲ್ಲಿ ನಮ್ಮೂರಿಗೂ ಸಮುದ್ರಕ್ಕೂ ಹೋಲಿಕೆ ಇದೆ ಅಂತ ನಕ್ಕೆವು. ಇಲ್ಲಿಂದ ಸ್ವಲ್ಪ ದೂರದ ಅಂಕೋಲೆಯಲ್ಲೇ 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು.

ಆ ಎತ್ತುಗಳ ದಾರಿ ಮುಚ್ಚಿದ್ದು ಹೇಗೆ ಅಂದರೆ ಎರಡೇ ಕಾರಣ. ಉಪ್ಪಿನ ಮೇಲೆ ಸರಕಾರದ ಹಿಡಿತ, ಮತ್ತು ರೈಲು. ಮುಂಬಯಿಯಿಂದ ಹೊರಟ ಜಿಐಪಿ ರೈಲು ಸೊಲ್ಲಾಪುರ, ಕಲಬುರಗಿ, ವಾಡಿ ಮೇಲಿಂದ 1871ರಲ್ಲಿ ರಾಯಚೂರು ಮುಟ್ಟಿತು. ನಮ್ಮೂರಿಗೂ ಮುಂಬಯಿಯ ಸಮುದ್ರಕ್ಕೂ ನಡುವೆ 570 ಕಿಲೋಮೀಟರಿನ ಹಳಿ. ತಿಂಗಳ ದಾರಿ ಒಂದು ಹಗಲು-ರಾತ್ರಿ ಆಯಿತು. ಅದೇ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಮೊದಲು ಉತ್ತರದಲ್ಲಿ ಜಾರಿಯಾಗಿ ಆಮೇಲೆ ಬೇರೆ ಪ್ರಾಂತ್ಯಗಳಿಗೂ ಹರಡಿದ ಆ ಕಾಯಿದೆಯ ಪಟ್ಟಿಯಲ್ಲಿ ಲಂಬಾಣಿಗರ ಹಲವು ಗುಂಪುಗಳೂ ಸೇರಿದವು. ಎತ್ತು ಹೊಡೆಯುವ ಕೆಲಸ ಹೋಯಿತು, ಊರೂರು ತಿರುಗಿದರೆ ಕಳ್ಳರು ಅನ್ನಿಸಿಕೊಳ್ಳಬೇಕಾಯಿತು. ಕಾಯಿದೆ ರದ್ದಾದದ್ದು 1952ರಲ್ಲಿ. ತಾಂಡಾಗಳು ಎಲ್ಲಿ ನಿಂತವೋ ಅಲ್ಲೇ ಊರಾದವು, ಬಹಳ ಕಡೆ ಬೇರೆಯವರ ಅಥವಾ ಸರಕಾರದ ಜಾಗದಲ್ಲಿ, ಕಾಗದ ಪತ್ರ ಇಲ್ಲದೆ.

ಹೀಗೆ ನಿಂತವರು ಮಳೆ ಕೈಕೊಟ್ಟಾಗ ಮತ್ತೆ ಸಮುದ್ರದ ಕಡೆಗೇ ನಡೆದರು. ಲಂಬಾಣಿಗರು ಮಾತ್ರ ಅಲ್ಲ, ನಮ್ಮ ಇಡೀ ಉತ್ತರ ಕರ್ನಾಟಕದ ಕೂಲಿಗಳು. ಮುಂಬಯಿ, ಗೋವಾ, ರತ್ನಾಗಿರಿ. ಗೋವಾದಲ್ಲಿ ರಸ್ತೆ ಮಾಡಿದವರು, ಬಂದರಿನಲ್ಲಿ ಮೂಟೆ ಹೊತ್ತವರು, ಹೋಟೆಲು ಕಟ್ಟಿದವರು ಇವರೇ. ಅಲ್ಲಿ ಇವರಿಗೆ ಸಿಕ್ಕ ಹೆಸರು 'ಘಾಟಿ', ಅಂದರೆ ಘಟ್ಟದ ಮೇಲಿನವ. ಶಬ್ದದಲ್ಲಿ ತಪ್ಪೇನಿಲ್ಲ, ಅದನ್ನು ಅನ್ನುವ ಬಾಯಲ್ಲಿದೆ. ವಾಸ್ಕೋದ ಬೈನಾ ಬೀಚಿನ ಮೇಲೆ ಕನ್ನಡಿಗರ ದೊಡ್ಡ ವಸ್ತಿ ಇತ್ತು. 2004ರ ಜೂನ್‌ನಲ್ಲಿ, ಮಳೆಗಾಲ ಶುರುವಾಗುವ ಹೊತ್ತಿಗೆ, ಅಲ್ಲಿಯ ನೂರಾರು ಮನೆಗಳನ್ನು ಬುಲ್ಡೋಜರ್ ಹಾಯಿಸಿ ಕೆಡವಿದರು. ನಂತರದ ವರ್ಷಗಳಲ್ಲಿ ಉಳಿದವನ್ನೂ ಕಂತುಕಂತಾಗಿ ತೆಗೆದರು. ಅಲ್ಲಿ ಸೂಳೆಗೇರಿ ಇತ್ತು ಅನ್ನುವುದು ಕಾರಣ, ದಂಡೆ ಸ್ವಚ್ಛವಾಗಬೇಕು ಅನ್ನುವುದೂ ಕಾರಣ. ಆದರೆ ಮನೆ ಕಳೆದುಕೊಂಡವರಲ್ಲಿ ಬಂದರಿನ ಹಮಾಲರು, ಗಾರೆ ಕೆಲಸದವರು ಇದ್ದರು. 1472ರಲ್ಲಿ ಗವಾನ್ ಗೋವಾ ಗೆದ್ದ ಸುದ್ದಿ ಬೀದರಿನಲ್ಲಿ ದೊಡ್ಡ ಸಂಭ್ರಮವಾಯಿತಂತೆ. 2004ರ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಬಂದು ಹೋಯಿತು.

ಪ್ಯಾರಡೈಸ್‌ನಿಂದ ಸಂಜೆ ಓಂ ಬೀಚಿಗೆ ವಾಪಸ್ಸು ಬಂದಾಗ ಅವಳು ಇನ್ನೂ ಅಲ್ಲೇ ಇದ್ದಳು, ಇನ್ನೊಬ್ಬಳ ಜೊತೆ ಕೂತು ಲೆಕ್ಕ ಮಾಡುತ್ತಿದ್ದಳು. ಕಮಲಾಪುರದವನು ಉಳಿದಿದ್ದ ಬಾಳೆ ಚಿಪ್ಪನ್ನು ಕೊಟ್ಟ. ತಿರುವಿ ನೋಡಿ "ಈಗ ಡಜನ್ ಎಷ್ಟ್ ಅದಾರಿ ಊರಾಗ?" ಅಂತ ಕೇಳಿದಳು. ರೇಟು ಕೇಳಿ ನಕ್ಕಳು. ಆಮೇಲೆ ಹಕ್ಕುಪತ್ರದ ಮಾತು ಬಂತು. 2023ರ ಜನವರಿ 19ರಂದು ಪ್ರಧಾನಿ ಮೋದಿ ಮಳಖೇಡಕ್ಕೆ ಬಂದು ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ ಜಾಗದ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಸಿದ್ದರು. ಅದೇ ಮಳಖೇಡ, ಅರಬರ ಮಂಕೀರ್. ಅವಳಿಗೆ ಅರಬರ ಕಥೆ ಬೇಡ, ಕಾಗದದ ಕಥೆ ಬೇಕಿತ್ತು.

"ನಮ್ಮ ಅತ್ತಿ ಹೆಸರ್ಲೆ ಬಂದಾದ್ರಿ. ಮನಿ ಜಾಗಾ ಆಯ್ತು. ಮಳಿ ಹತ್ತಿದ್ರ ಇಲ್ಲಿ ಎಲ್ಲ ಬಂದ್, ಯಾರೂ ಬರಲ್ಲ. ಆವಾಗ ನಾವು ಊರಿಗಿ ಬರ್ತೀವಿ, ತೊಗರಿ ಬಿತ್ತದದ. ದೀಪಾವಳಿ ಆದ್ ಮ್ಯಾಲ ಮತ್ತ್ ಇಲ್ಲೇ."

"ಕ್ರೂಸರ್‌ದಾಗ ಜಾಗಾ ಅದಾ, ಬರ್ತೀಯೇನವ್ವಾ ಊರಿಗಿ?" ಅಂತ ನಮ್ಮವನು ತಮಾಷೆ ಮಾಡಿದ.

"ಈಗ ಸೀಜನ್ ಅದಾರಿ ಅಣ್ಣಾ," ಅಂದವಳೇ ಚೀಲ ಹೆಗಲಿಗೆ ಹಾಕಿಕೊಂಡು, ಆಗಷ್ಟೇ ದೋಣಿಯಿಂದ ಇಳಿಯುತ್ತಿದ್ದ ಒಂದು ಗುಂಪಿನ ಕಡೆ ನಡೆದಳು.